ಭೌತಶಾಸ್ತ್ರ ಓದಿ ಕನ್ನಡದಲ್ಲಿ ವಿಜ್ಞಾನ ಬರೆಯೋದು: ಇದರಲ್ಲಿ ಬದುಕೋಕೆ ಆಗುತ್ತಾ?

ಗಂಗೋತ್ರಿ ಹಾಸ್ಟೆಲ್ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ನಾನು ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಭೌತಶಾಸ್ತ್ರ, ಕೊನೆಯ ವರ್ಷ. ಊರು ಮಳವಳ್ಳಿ ತಾಲ್ಲೂಕು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಡಿಗ್ರಿಯಿಂದಲೂ ಸುಮ್ನೆ ಖುಷಿಗೆ ವಿಜ್ಞಾನದ ಲೇಖನ ಬರೆಯುತ್ತಿದ್ದೇನೆ. ಕೆಲವು ಪತ್ರಿಕೆಗಳಲ್ಲಿ ಬಂದಿವೆ, ಹೆಚ್ಚಿನವು ಬಂದಿಲ್ಲ.

ಈಗ ಮುಂದೇನು ಅನ್ನೋದು ಪ್ರಶ್ನೆ. ಅಪ್ಪ ಬಿ.ಎಡ್ ಮಾಡು ಅಂತಾರೆ. ಡಿಪಾರ್ಟ್‌ಮೆಂಟಿನಲ್ಲಿ ಪಿಎಚ್‌ಡಿಗೆ ಹೋಗು ಅಂತಾರೆ. ನನಗೆ ಬರೆಯೋದೇ ಇಷ್ಟ. ಹೊರದೇಶದಲ್ಲಿ ಭೌತವಿಜ್ಞಾನಿಗಳು ಜನರಿಗಾಗಿ ಪುಸ್ತಕ ಬರೆದು, ಟಿವಿಯಲ್ಲಿ ಬಂದು, ಅದರಲ್ಲೇ ಬದುಕುತ್ತಾರೆ ಅಲ್ವಾ? ಕನ್ನಡದಲ್ಲಿ ಹಾಗೆ ಯಾರಾದರೂ ಬದುಕಿದ್ದಾರಾ? ನಿಜ ಹೇಳಿ. "ಮನಸ್ಸಿದ್ದರೆ ಮಾರ್ಗ" ಮಾತ್ರ ಬೇಡ, ಅದನ್ನು ನಮ್ಮ ಹಾಸ್ಟೆಲ್ ಗೋಡೆ ಮೇಲೇ ಬರೆಸಿದ್ದಾರೆ.

ಮಂಡ್ಯ ಮೇಷ್ಟ್ರು (ಭಾನುವಾರ, ರಾತ್ರಿ 10:25)

ತಮ್ಮ, ನಾನು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನಿಜ ಕೇಳಿದ್ದೀಯ, ಹೇಳುತ್ತೇನೆ. ಬರೀ ಲೇಖನ, ಪುಸ್ತಕದ ದುಡ್ಡಿನಲ್ಲಿ ಸಂಸಾರ ತೂಗಿಸಿದ ಕನ್ನಡದ ವಿಜ್ಞಾನ ಲೇಖಕರನ್ನು ನಾನು ಕಂಡಿಲ್ಲ. ಎಲ್ಲರಿಗೂ ಒಂದು ಸಂಬಳದ ಕೆಲಸ ಇತ್ತು. ಮೇಷ್ಟ್ರು, ಇಲ್ಲವೇ ಪತ್ರಕರ್ತ, ಇಲ್ಲವೇ ಲ್ಯಾಬಿನಲ್ಲಿ ಇರೋರು.

ಶುರುವಿನಿಂದ ನೋಡು. ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. ನಂಗಪುರಂ ವೆಂಕಟೇಶ ಅಯ್ಯಂಗಾರ್ ಜೊತೆ ಸೇರಿ 1918ರಲ್ಲಿ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದರು. ಎರಡು ವರ್ಷದಲ್ಲಿ ಅದು ನಿಂತಿತು. ಪತ್ರಿಕೆ ನಿಂತರೂ ಅವರ ಮನೆಯ ಒಲೆ ಆರಲಿಲ್ಲ, ಕಾಲೇಜಿನ ಸಂಬಳ ಬರುತ್ತಿತ್ತಲ್ಲ. ಆಮೇಲೆ ನಕ್ಷತ್ರ, ವಿಶ್ವ ಅಂತ ಬರೆದ ಆರ್.ಎಲ್. ನರಸಿಂಹಯ್ಯ, ಅವರೂ ಭೌತಶಾಸ್ತ್ರದ ಮೇಷ್ಟ್ರೇ. ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಪಿಎಚ್‌ಡಿ ಮುಗಿಸಿ ವಾಪಸ್ ಬಂದು ಮತ್ತೆ ನ್ಯಾಷನಲ್ ಕಾಲೇಜಿಗೇ ಸೇರಿಕೊಂಡರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬರೆದದ್ದಕ್ಕಿಂತ ಜನರ ಮುಂದೆ ನಿಂತು ಮಾತಾಡಿದ್ದೇ ಜಾಸ್ತಿ.

ಇನ್ನು ನಿನ್ನ ಮೈಸೂರು. ಜಿ.ಟಿ. ನಾರಾಯಣ ರಾವ್, ಎಲ್ಲರ ಬಾಯಲ್ಲಿ ಜಿಟಿಎನ್. ಓದಿದ್ದು ಗಣಿತ, ಬರೆದದ್ದು ಹೆಚ್ಚಾಗಿ ಆಕಾಶ ಮತ್ತು ಭೌತವಿಜ್ಞಾನ. ಗಣಿತದ ಮೇಷ್ಟ್ರು, ಎನ್‌ಸಿಸಿ ಅಧಿಕಾರಿ, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗದ ಸಂಪಾದಕ. ಸಂಜೆ ಹೊತ್ತು ಸಂಗೀತ ಕಛೇರಿ ಕೇಳಿ ವಿಮರ್ಶೆ ಬೇರೆ. ಜೆ.ಆರ್. ಲಕ್ಷ್ಮಣರಾವ್ ರಸಾಯನಶಾಸ್ತ್ರದ ಪ್ರಾಧ್ಯಾಪಕರು, 'ಬಾಲ ವಿಜ್ಞಾನ'ದ ಸಂಪಾದಕರು. ಅವರು ತೊಂಬತ್ತು ದಾಟಿದ ಮೇಲೂ ಇದೇ ಮೈಸೂರಿನಲ್ಲಿದ್ದರು.

ಇವರ ಯಾರ ವೃತ್ತಿಯಲ್ಲೂ ಬರವಣಿಗೆ ಅನ್ನೋದು ಸಂಬಳದ ಕಾಲಂನಲ್ಲಿ ಇರಲಿಲ್ಲ. ಜಿಟಿಎನ್ ಅವರಿಗೆ ವಿಶ್ವಕೋಶದ ಕಾಲದಲ್ಲಿ ಮಾತ್ರ ಎರಡೂ ಒಂದೇ ಆಗಿತ್ತು. ಅಂಥ ಹುದ್ದೆ ಈಗ ಹುಡುಕಿದರೂ ಸಿಗೋದು ಕಷ್ಟ.

ಸರಸ್ವತಿಪುರಂ 5ನೇ ಮೇನ್ (ಭಾನುವಾರ, ರಾತ್ರಿ 10:50)

ಇಂಗ್ಲಿಷಿನಲ್ಲಿ ಬರೀ ಗುರು. ದುಡ್ಡು ಅಲ್ಲಿದೆ. ಕನ್ನಡದಲ್ಲಿ ಸಾವಿರ ಪ್ರತಿ ಮುದ್ರಿಸಿ ಅರ್ಧ ಲೈಬ್ರರಿಗೆ, ಅರ್ಧ ಅಟ್ಟಕ್ಕೆ.

ಪುಟ ಏಳು (ಭಾನುವಾರ, ರಾತ್ರಿ 11:30)

ನಾನು ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಯಾವುದು ಅಂತ ಕೇಳಬೇಡಿ. ಅಟ್ಟದ ಮಾತು ಪೂರ್ತಿ ಸುಳ್ಳಲ್ಲ. ಆದರೆ ಇಂಗ್ಲಿಷಿನಲ್ಲಿ ದುಡ್ಡಿದೆ ಅನ್ನೋದು ಅದಕ್ಕಿಂತ ದೊಡ್ಡ ಭ್ರಮೆ. ಅಲ್ಲಿ ನೀವು ಇಡೀ ಪ್ರಪಂಚದವರ ಜೊತೆ ಸ್ಪರ್ಧೆ ಮಾಡಬೇಕು. ಕಪ್ಪು ರಂಧ್ರದ ಬಗ್ಗೆ ಇಂಗ್ಲಿಷಿನಲ್ಲಿ ಇನ್ನೊಂದು ಲೇಖನ ಯಾರಿಗೆ ಬೇಕು?

ನಮ್ಮ ಕಡೆಯ ಸ್ಥಿತಿ ಹೇಳುತ್ತೇನೆ. ವಿಜ್ಞಾನದ ಪುಟ ವಾರಕ್ಕೊಮ್ಮೆ. ಜಾಹೀರಾತು ಬಂದರೆ ಮೊದಲು ಹಾರೋದು ಅದೇ. ಗೌರವಧನ ಬರುತ್ತೆ, ಬಂದಾಗ ಬರುತ್ತೆ. ಒಂದು ಲೇಖನದ ದುಡ್ಡಿನಲ್ಲಿ ಮನೆಯವರನ್ನೆಲ್ಲ ಹೋಟೆಲಿಗೆ ಕರ್ಕೊಂಡು ಹೋದರೆ ಮಸಾಲೆ ದೋಸೆ ಆಗುತ್ತೆ, ಕಾಫಿಗೆ ಕೈಯಿಂದ ಹಾಕಬೇಕು. ಗ್ರಹಣ ಬಂದಾಗ ಮಾತ್ರ ನಮ್ಮವರಿಗೆ ಭೌತಶಾಸ್ತ್ರದವರು ನೆನಪಾಗುತ್ತಾರೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದ ಹಿಂದಿನ ದಿನ ಒಬ್ಬ ಪ್ರಾಧ್ಯಾಪಕರಿಗೆ ನಮ್ಮ ಆಫೀಸಿನಿಂದಲೇ ಬೇರೆ ಬೇರೆ ಜನ ಫೋನ್ ಮಾಡಿ "ಊಟ ಮಾಡಬಹುದಾ ಸರ್" ಅಂತ ಕೇಳಿದ್ದರು. ಪಾಪ, ಅವರು ನಿಜವಾಗಿ ಹೇಳಬೇಕು ಅಂತಿದ್ದದ್ದು ಬೇರೆ. ಚಂದ್ರ ಆ ದಿನ ದೂರ ಇದ್ದದ್ದರಿಂದ ಸೂರ್ಯನನ್ನು ಪೂರ್ತಿ ಮುಚ್ಚಲಿಲ್ಲ, ಅದಕ್ಕೇ ಬಳೆ ಕಂಡಿತು, ಕೊಡಗಿನ ಕುಟ್ಟದಿಂದ ಚೆನ್ನಾಗಿ ಕಾಣುತ್ತೆ, ಹೋಗಿ ನೋಡಿ ಅಂತ. ಆ ವಾಕ್ಯಗಳು ಪೇಪರಿನಲ್ಲಿ ಬರಲೇ ಇಲ್ಲ.

ಇಷ್ಟಾದರೂ ಒಳ್ಳೆ ಲೇಖನಕ್ಕೆ ನಮ್ಮಲ್ಲಿ ಬರ ಇದೆ. ಬರೋದರಲ್ಲಿ ಹೆಚ್ಚಿನವು ಇಂಗ್ಲಿಷ್ ಸುದ್ದಿಯ ಕನ್ನಡ. ಈಗ ಯಂತ್ರದಿಂದ ಬರೆಸಿ ಕಳಿಸೋದೂ ಶುರುವಾಗಿದೆ. ಹತ್ತು ಜನರ ಲೇಖನ, ಒಂದೇ ದನಿ. ನೀವು ನಿಮ್ಮದೊಂದು ಪ್ಯಾರಾ ಇಲ್ಲಿ ಹಾಕಿ. ನೋಡಿ ಹೇಳುತ್ತೇನೆ.

ಚಳಿ ದೇಶದ ಪೋಸ್ಟ್‌ಡಾಕ್ (ಸೋಮವಾರ, ಬೆಳಗಿನ ಜಾವ 3:15)

ನಾನು ಯುವರಾಜ ಕಾಲೇಜು, ಆಮೇಲೆ ಗಂಗೋತ್ರಿ, ಈಗ ಯುರೋಪಿನಲ್ಲಿ. "ಹೊರದೇಶದಲ್ಲಿ ಬರೆದೇ ಬದುಕುತ್ತಾರೆ" ಅನ್ನೋದರ ಬಗ್ಗೆ ಒಂದು ಮಾತು. ಹೆಸರು ಮಾಡಿದವರ ಪಟ್ಟಿ ತೆಗೆದು ನೋಡಿ. ಜಾರ್ಜ್ ಗ್ಯಾಮೋ ಪ್ರೊಫೆಸರ್. ಕಾರ್ಲ್ ಸೇಗನ್ ಪ್ರೊಫೆಸರ್. ಹಾಕಿಂಗ್ ಪ್ರೊಫೆಸರ್. ನಮ್ಮ ಜಯಂತ ನಾರ್ಳೀಕರ್ ಪುಣೆಯಲ್ಲಿ ಐಯುಕಾ ಅನ್ನೋ ಖಗೋಳವಿಜ್ಞಾನ ಸಂಸ್ಥೆ ಕಟ್ಟಿ ನಡೆಸಿದವರು. ಪುಸ್ತಕದಿಂದ ದುಡ್ಡು ಬಂತು, ಆದರೆ ಪುಸ್ತಕ ಬರೆಯೋ ಹೊತ್ತಿಗೆ ಕೆಳಗೆ ಒಂದು ಕುರ್ಚಿ ಇತ್ತು.

ಕುರ್ಚಿ ಇದ್ದವರಿಗೂ ಸುಲಭ ಆಗಲಿಲ್ಲ. ಗ್ಯಾಮೋ ಸಾಪೇಕ್ಷತೆಯನ್ನು ಕಥೆ ಮಾಡಿ ಬರೆದಾಗ ಹಲವು ಪತ್ರಿಕೆಗಳು ಬೇಡ ಅಂದವು. ಕೊನೆಗೆ 1938ರಲ್ಲಿ ಸಿ.ಪಿ. ಸ್ನೋ ಸಂಪಾದಕರಾಗಿದ್ದ 'ಡಿಸ್ಕವರಿ' ಹಾಕಿಕೊಂಡಿತು. 1956ರಲ್ಲಿ ಅದೇ ಗ್ಯಾಮೋಗೆ ಕಳಿಂಗ ಪ್ರಶಸ್ತಿ, ಜನರಿಗೆ ವಿಜ್ಞಾನ ತಲುಪಿಸಿದವರಿಗೆ ಯುನೆಸ್ಕೋ ಕೊಡೋದು. (ಆ ಪ್ರಶಸ್ತಿಗೆ ದುಡ್ಡು ಕೊಟ್ಟದ್ದು ಒಡಿಶಾದ ಬಿಜು ಪಟ್ನಾಯಕ್. ಇದು ನಮ್ಮ ದೇಶದ ದುಡ್ಡಿನ ಪ್ರಶಸ್ತಿ ಅಂತ ಇಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.) ಸೇಗನ್ ನೂರಾರು ಸಂಶೋಧನಾ ಲೇಖನ ಬರೆದಿದ್ದರು. ಆದರೂ 1992ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಟಿವಿಯಲ್ಲಿ ಬಂದವನು ಗಂಭೀರ ವಿಜ್ಞಾನಿ ಆಗಿರಲಾರ ಅನ್ನೋ ಅಸಡ್ಡೆ ಆಗ ಜೋರಾಗಿತ್ತು. ಈಗ ಕಮ್ಮಿ ಆಗಿದೆ, ಹೋಗಿಲ್ಲ.

ನನಗೆ ಇಷ್ಟವಾದದ್ದು ನಾರ್ಳೀಕರ್ ಕಥೆ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾ ಸ್ಪರ್ಧೆಗೆ ಬೇರೆ ಹೆಸರಿನಲ್ಲಿ ಕಥೆ ಕಳಿಸಿದರು. ಜಯಂತ ವಿಷ್ಣು ನಾರ್ಳೀಕರ್ ಅನ್ನೋದರ ಮೊದಲಕ್ಷರಗಳನ್ನು ತಿರುಗಿಸಿ ನಾರಾಯಣ ವಿನಾಯಕ ಜಗತಾಪ್. ಅಕ್ಷರದ ಗುರುತು ಸಿಗಬಾರದು ಅಂತ ಹೆಂಡತಿಯ ಕೈಯಲ್ಲಿ ಬರೆಸಿದರು. ಬಹುಮಾನ ಬಂತು. ಕೇಂಬ್ರಿಜ್‌ನಲ್ಲಿ ಫ್ರೆಡ್ ಹಾಯ್ಲ್ ಜೊತೆ ಕೆಲಸ ಮಾಡಿ ಬಂದ ಮನುಷ್ಯ, ಮರಾಠಿಯಲ್ಲಿ ತನ್ನ ಬರಹ ತನ್ನ ಕಾಲ ಮೇಲೆ ನಿಲ್ಲುತ್ತಾ ಅಂತ ನೋಡಿಕೊಂಡರು. 1996ರಲ್ಲಿ ಅವರಿಗೂ ಕಳಿಂಗ ಬಂತು. ಮರಾಠಿ ಆತ್ಮಕಥೆಗೆ ಸಾಹಿತ್ಯ ಅಕಾಡೆಮಿಯೂ ಬಂತು.

ಶ್ರೀರಂಗಪಟ್ಟಣದ ಅಕ್ಕ (ಸೋಮವಾರ, ಬೆಳಿಗ್ಗೆ 6:50)

ಹೆಂಡತಿಯ ಕೈಯಲ್ಲಿ ಬರೆಸಿದರು ಅನ್ನೋದನ್ನು ಓದಿ ನಗು ಬಂತು. ನಮ್ಮಂಥವರು ಯಾರ ಕೈಯಲ್ಲಿ ಬರೆಸೋಣ? ನಾನು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಬರೆಯೋದು ರಾತ್ರಿ ಪಾತ್ರೆ ತೊಳೆದಾದ ಮೇಲೆ. ಅದೂ ಮೌಲ್ಯಮಾಪನದ ತಿಂಗಳಲ್ಲಿ ಇಲ್ಲ, ಪ್ರಾಕ್ಟಿಕಲ್ ಪರೀಕ್ಷೆಯ ತಿಂಗಳಲ್ಲಿ ಇಲ್ಲ, ಚುನಾವಣೆ ಡ್ಯೂಟಿ ಬಂದರೆ ಇಲ್ಲ.

ತಮ್ಮಾ, ಬಿ.ಎಡ್ ಅಂದರೆ ಮುಖ ಸಿಂಡರಿಸಬೇಡ. ಪಾಠ ಮಾಡೋರಿಗೆ ಒಂದು ಲಾಭ ಇದೆ. ಎಲ್ಲಿ ಅರ್ಥ ಆಗಲ್ಲ ಅನ್ನೋದು ದಿನಾ ಎದುರಿಗೇ ಕಾಣುತ್ತೆ. ನಮ್ಮೂರಿನ ಅಕ್ಷಾಂಶ ಹನ್ನೆರಡೂವರೆ ಡಿಗ್ರಿಯ ಹತ್ತಿರ. ಏಪ್ರಿಲ್ ಕೊನೆಯ ವಾರ ಶುರುವಾಗೋ ಹೊತ್ತಿಗೆ ಒಂದು ದಿನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಆಗಸ್ಟಿನಲ್ಲಿ ಇನ್ನೊಂದು ದಿನ. ಆವತ್ತು ನೆಟ್ಟಗೆ ನಿಲ್ಲಿಸಿದ ಬಾಟಲಿಗೆ ನೆರಳೇ ಇರಲ್ಲ. ಕ್ಲಾಸಿನಲ್ಲಿ ಹೇಳಿದಾಗ ಒಬ್ಬಳು ಹುಡುಗಿ "ಮಿಸ್, ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿ ಮೇಲೇ ಇರ್ತಾನಲ್ಲ" ಅಂದಳು. ಇಡೀ ಕ್ಲಾಸು ಹೌದು ಹೌದು ಅಂತು. ಎಷ್ಟು ವರ್ಷದಿಂದ ಬಿಸಿಲಿನಲ್ಲಿ ಓಡಾಡಿದ್ದಾರೆ, ಯಾರೂ ನೆರಳು ನೋಡಿಲ್ಲ! ಹನ್ನೆರಡಕ್ಕೂ ಅಲ್ಲ, ನಮ್ಮಲ್ಲಿ ಆ ದಿನಗಳಲ್ಲಿ ಅದು 12:20ರ ಸುಮಾರಿಗೆ. ಏಕೆಂದರೆ ಗಡಿಯಾರದ ಸಮಯ ಲೆಕ್ಕ ಆಗೋದು 82.5 ಡಿಗ್ರಿ ರೇಖಾಂಶಕ್ಕೆ, ನಾವಿರೋದು ಅದಕ್ಕಿಂತ ಆರು ಡಿಗ್ರಿಯಷ್ಟು ಪಶ್ಚಿಮಕ್ಕೆ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ನನ್ನ ಲೇಖನ ಆ ಹುಡುಗಿಯ ಮಾತಿನಿಂದಲೇ ಶುರುವಾಯಿತು. ಕ್ಲಾಸು ಇಲ್ಲದಿದ್ದರೆ ನನಗೆ ಆ ವಾಕ್ಯ ಎಲ್ಲಿ ಸಿಗುತ್ತಿತ್ತು?

ಗಂಗೋತ್ರಿ ಹಾಸ್ಟೆಲ್ (ಸೋಮವಾರ, ಬೆಳಿಗ್ಗೆ 8:20)

ಎಲ್ಲರಿಗೂ ಥ್ಯಾಂಕ್ಸ್. ಪುಟ ಏಳು ಸರ್ ಕೇಳಿದ್ದಕ್ಕೆ ಒಂದು ಪ್ಯಾರಾ ಹಾಕುತ್ತಿದ್ದೇನೆ. ಅಣೆಕಟ್ಟಿನ ಬಗ್ಗೆ ಬರೆದ ಲೇಖನದ್ದು. ವಾಪಸ್ ಬಂದಿತ್ತು.

"ದ್ರವದೊಳಗಿನ ಯಾವುದೇ ಬಿಂದುವಿನಲ್ಲಿನ ಒತ್ತಡವು ಆ ಬಿಂದುವಿನ ಆಳ, ದ್ರವದ ಸಾಂದ್ರತೆ ಹಾಗೂ ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧಕ್ಕೆ ಸಮನಾಗಿರುತ್ತದೆ. ಆದ್ದರಿಂದಲೇ ಅಣೆಕಟ್ಟುಗಳ ತಳಭಾಗವನ್ನು ಮೇಲ್ಭಾಗಕ್ಕಿಂತ ದಪ್ಪವಾಗಿ ನಿರ್ಮಿಸಲಾಗುತ್ತದೆ."

ಪುಟ ಏಳು (ಸೋಮವಾರ, ಬೆಳಿಗ್ಗೆ 10:05)

ತಪ್ಪೇನಿಲ್ಲ. ವಾಪಸ್ ಕಳಿಸಿದ್ದು ನಾನೇ ಇರಬಹುದು.

ಮಂಡ್ಯ ಮೇಷ್ಟ್ರು (ಸೋಮವಾರ, ಬೆಳಿಗ್ಗೆ 11:40)

ಇದು ಪರೀಕ್ಷೆಗೆ ಬರೆದ ಉತ್ತರ ತಮ್ಮ. ಎರಡು ಅಂಕ ಕೊಡಬಹುದು. ಮಳವಳ್ಳಿಯವನಾಗಿ ಕನ್ನಂಬಾಡಿ ಕಟ್ಟೆ ಬಿಟ್ಟು "ಅಣೆಕಟ್ಟುಗಳು" ಅಂತೀಯಲ್ಲ! ನಾನಾದರೆ ಹೀಗೆ ಬರೆಯುತ್ತೇನೆ.

"ಕೆಆರ್‌ಎಸ್ ಭರ್ತಿ ಅಂದರೆ 124.80 ಅಡಿ. ಮೀಟರಿನಲ್ಲಿ 38. ನೀರಿನ ತಳದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ಗುರುತು ಮಾಡಿಕೊಳ್ಳಿ. ಅದರ ಮೇಲೆ ನಿಂತಿರೋದು 38 ಘನ ಮೀಟರ್ ನೀರು. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಅಂದರೆ ಅಷ್ಟು ಜಾಗದ ಮೇಲೆ 38 ಟನ್. ನೀರು ಕೆಳಕ್ಕೆ ಒತ್ತಿದಷ್ಟೇ ಪಕ್ಕಕ್ಕೂ ಒತ್ತುತ್ತದೆ. ಹಾಗಾಗಿ ಕಟ್ಟೆಯ ಬುಡದ ಗೋಡೆಗೂ ಪ್ರತಿ ಚದರ ಮೀಟರಿಗೆ 38 ಟನ್. ಮೇಲೆ ಬಂದ ಹಾಗೆ ಕಮ್ಮಿ. ನೀರಿನ ಮೇಲ್ಮಟ್ಟಕ್ಕೆ ಬಂದಾಗ ಸೊನ್ನೆ."

ಸೂತ್ರ ಅದೇ. ಸೂತ್ರ ಕಾಣಿಸಲಿಲ್ಲ, ಅಷ್ಟೇ. ಓದುವವರಿಗೆ 124 ಅಂದರೆ ಏನು ಅಂತ ಮೊದಲೇ ಗೊತ್ತು. ಮಂಡ್ಯದಲ್ಲಿ ಜೂನ್ ಜುಲೈನಲ್ಲಿ ಟೀ ಅಂಗಡಿಯಲ್ಲಿ ಕೂತರೆ ಬೇರೆ ಸಂಖ್ಯೆಯೇ ಕೇಳಲ್ಲ.

ಹಿನ್ನೀರು (ಸೋಮವಾರ, ಮಧ್ಯಾಹ್ನ 1:10)

ಮೇಷ್ಟ್ರೇ, ನಾನು ಸೈನ್ಸ್ ಓದಿಲ್ಲ, ಪಾಂಡವಪುರದ ಕಡೆ ಬೇಸಾಯ. ಒಂದು ಅನುಮಾನ. ಹಿನ್ನೀರು ಮೈಲಿಗಟ್ಟಲೆ ಹರಡಿದೆ. 49 ಟಿಎಂಸಿ ನೀರು. ಅಷ್ಟೂ ನೀರು ಕಟ್ಟೆಯನ್ನು ತಳ್ಳುತ್ತಿರುತ್ತೆ ಅಲ್ವಾ? ನೀವು ಬರೀ ಆಳದ ಲೆಕ್ಕ ಹೇಳ್ತಿದ್ದೀರಿ.

ಮಂಡ್ಯ ಮೇಷ್ಟ್ರು (ಸೋಮವಾರ, ಮಧ್ಯಾಹ್ನ 2:30)

ನೋಡು ತಮ್ಮ, ಇದೇ ಪ್ರಶ್ನೆಗೆ ನಿನ್ನ ಲೇಖನ ಉತ್ತರ ಕೊಡಬೇಕಿತ್ತು.

ಹಿನ್ನೀರು ಅವರೇ, ಹರಡಿರೋದು ಲೆಕ್ಕಕ್ಕೆ ಬರೋದೇ ಇಲ್ಲ. ಕಟ್ಟೆಯ ಹಿಂದೆ 38 ಮೀಟರ್ ಆಳದ ನೀರು ಹತ್ತು ಅಡಿ ದೂರಕ್ಕೆ ಮಾತ್ರ ಇದ್ದರೂ, ಹತ್ತು ಮೈಲಿ ಇದ್ದರೂ, ನಿಂತ ನೀರು ಗೋಡೆಯನ್ನು ಒತ್ತೋದು ಅಷ್ಟೇ. ದೂರದ ನೀರಿನ ಭಾರವನ್ನು ಅದರ ಕೆಳಗಿನ ನೆಲ ಹೊರುತ್ತೆ. ನಂಬೋಕೆ ಕಷ್ಟ, ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ನಂಬದೇ ಪಾಸಾಗಿದ್ದಾರೆ.

ಇನ್ನೊಂದು ಲೆಕ್ಕ ಮಾಡಿ. ಒಂದು ಮೀಟರ್ ಅಗಲದ ಗೋಡೆಯ ಪಟ್ಟಿ ತೆಗೆದುಕೊಳ್ಳಿ, ತಳದಿಂದ ನೀರಿನ ಮಟ್ಟದವರೆಗೆ. ಕೆಳಗೆ 38, ಮೇಲೆ ಸೊನ್ನೆ, ಸರಾಸರಿ 19 ಟನ್. 38 ಮೀಟರ್ ಎತ್ತರಕ್ಕೆ ಒಟ್ಟು 722 ಟನ್. ಈಗ ನೀರು 100 ಅಡಿಗೆ ಇಳಿದಿದೆ ಅಂದುಕೊಳ್ಳಿ. ಅಂದರೆ 30.5 ಮೀಟರ್. ಸರಾಸರಿ 15 ಚಿಲ್ಲರೆ, ಒಟ್ಟು 465 ಟನ್. ಆಳ ಐದರಲ್ಲಿ ಒಂದು ಪಾಲು ಇಳಿದರೆ ತಳ್ಳೋ ಬಲ ಮೂರರಲ್ಲಿ ಒಂದು ಪಾಲಿಗೂ ಜಾಸ್ತಿ ಇಳಿಯಿತು. ಕೊನೆಯ ಅಡಿಗಳು ತುಂಬೋವಾಗ ಎಂಜಿನಿಯರುಗಳು ಗೇಟಿನ ಹತ್ತಿರವೇ ಇರೋದು ಯಾಕೆ ಅನ್ನೋದರಲ್ಲಿ ಇದೂ ಒಂದು ಕಾರಣ. ಮುಖ್ಯಮಂತ್ರಿಗಳು ಬಾಗಿನ ಬಿಡೋ ದಿನ ಕಟ್ಟೆಯ ಮೇಲೆ ಬೀಳೋ ಬಲ ಇಷ್ಟು ಅಂತ ಬರೆದರೆ ಯಾವ ಸಂಪಾದಕ ಬೇಡ ಅಂತಾನೆ?

ಹಿನ್ನೀರು (ಸೋಮವಾರ, ಮಧ್ಯಾಹ್ನ 2:45)

ಹತ್ತು ಅಡಿ ಇದ್ದರೂ ಅಷ್ಟೇ ಅನ್ನೋದು ಇನ್ನೂ ತಲೆಗೆ ಹೋಗ್ತಿಲ್ಲ. ಆದರೆ ಓದಿದೆ.

ಪುಟ ಏಳು (ಸೋಮವಾರ, ಸಂಜೆ 4:00)

ಮೇಷ್ಟ್ರೇ, ನೀವು ಯಾಕೆ ಬರೆಯಲ್ಲ?

ಮಂಡ್ಯ ಮೇಷ್ಟ್ರು (ಸೋಮವಾರ, ಸಂಜೆ 4:20)

ಬರೆಯುತ್ತಿದ್ದೆ ಸ್ವಾಮಿ. ಒಂದು ಪತ್ರಿಕೆಯವರು ನನ್ನ ಲೇಖನದಲ್ಲಿ ಟನ್‌ಗಳನ್ನೆಲ್ಲ ತೆಗೆದು "ಅಪಾರ ಒತ್ತಡ" ಅಂತ ಮಾಡಿದರು. ಅಪಾರ ಅಂದರೆ ಎಷ್ಟು ಅಂತ ಪತ್ರ ಬರೆದೆ. ಉತ್ತರ ಬರಲಿಲ್ಲ. ನಾನೂ ಬರೆಯಲಿಲ್ಲ.

ರೇಡಿಯೋ ಕೇಳುಗ (ಸೋಮವಾರ, ಸಂಜೆ 6:30)

ಎಲ್ಲರೂ ಪತ್ರಿಕೆ, ಪುಸ್ತಕ ಅಂತಲೇ ಮಾತಾಡುತ್ತಿದ್ದೀರಿ. ಮೈಸೂರಿನಲ್ಲಿ ಕೂತು ರೇಡಿಯೋ ಮರೆತರೆ ಹೇಗೆ? 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದ ಊರು ಇದು. ಅವರೂ ಮೇಷ್ಟ್ರೇ, ಅವರದೂ ಕೈಯಿಂದ ದುಡ್ಡು ಹಾಕಿ ಮಾಡಿದ ಕೆಲಸವೇ.

ವಿಜ್ಞಾನ ಬರೆಯೋ ಹುಡುಗರು ಒಮ್ಮೆ ರೇಡಿಯೋ ಭಾಷಣ ಬರೆದು ನೋಡಬೇಕು. ಚಿತ್ರ ಇಲ್ಲ, ಗ್ರಾಫ್ ಇಲ್ಲ, ಕೇಳುವವರು ಹುರುಳಿಕಾಯಿ ಬಿಡಿಸುತ್ತಾ ಇರುತ್ತಾರೆ. ಉದ್ದ ವಾಕ್ಯ ಬರೆದರೆ ಓದೋವಾಗ ನಿಮಗೇ ಉಸಿರು ಸಿಗಲ್ಲ.

ಸರಸ್ವತಿಪುರಂ 5ನೇ ಮೇನ್ (ಸೋಮವಾರ, ರಾತ್ರಿ 8:15)

ರೇಡಿಯೋ ಬಿಡಿ, ಯೂಟ್ಯೂಬ್ ಮಾಡಲಿ. ಕನ್ನಡದಲ್ಲಿ ವಿಜ್ಞಾನದ ವಿಡಿಯೋ ಲಕ್ಷಗಟ್ಟಲೆ ಜನ ನೋಡ್ತಾರೆ.

ಚಳಿ ದೇಶದ ಪೋಸ್ಟ್‌ಡಾಕ್ (ಸೋಮವಾರ, ರಾತ್ರಿ 9:00)

ನೋಡ್ತಾರೆ. ಯಾವುದನ್ನು ಅಂತಲೂ ನೋಡಿ. "ನಾಸಾ ಬಚ್ಚಿಟ್ಟ ರಹಸ್ಯ". ಒಳ್ಳೆಯವೂ ಇವೆ, ಇಲ್ಲ ಅಂತಲ್ಲ. ಆದರೆ ವಾರಕ್ಕೆರಡು ವಿಡಿಯೋ ಹಾಕಲೇಬೇಕು ಅನ್ನೋ ಒತ್ತಡದಲ್ಲಿ ಓದೋಕೆ ಟೈಮ್ ಎಲ್ಲಿ? ಒಂದು ವರ್ಷದಲ್ಲಿ ಗೊತ್ತಿರೋದೆಲ್ಲ ಖಾಲಿ ಆಗುತ್ತೆ. ಆಮೇಲೆ ಬೇರೆಯವರು ಹೇಳಿದ್ದನ್ನೇ ಹೇಳೋದು.

ಗಂಗೋತ್ರಿ ಹಾಸ್ಟೆಲ್, ನನ್ನ ಸಲಹೆ ಬೇರೆ. ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡೋರಿಗೆ ಕೊಡೋ ಫೆಲೋಶಿಪ್, ತೆಗೆದುಕೋ. 2023ರಿಂದ ತಿಂಗಳಿಗೆ 37,000. ಅದರ ಮೇಲೆ ಮನೆ ಬಾಡಿಗೆ ಭತ್ಯೆ. ನಿನಗೆ ಇಷ್ಟು ಕಾಲ ಭೌತಶಾಸ್ತ್ರ ಮಾಡಿಕೊಂಡು ಬರೆಯೋಕೆ ಯಾರು ದುಡ್ಡು ಕೊಡ್ತಾರೆ? ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ 'ಅವಸರ್' ಅಂತ ಒಂದು ಸ್ಪರ್ಧೆ ಶುರು ಮಾಡಿತ್ತು. ಪಿಎಚ್‌ಡಿ ಮಾಡೋರು ತಮ್ಮ ಸಂಶೋಧನೆಯನ್ನೇ ಜನರಿಗೆ ಅರ್ಥ ಆಗೋ ಹಾಗೆ ಬರೆಯಬೇಕು. ಮೊದಲ ಬಹುಮಾನ ಒಂದು ಲಕ್ಷ. ಸರ್ಕಾರದ ಆಸರೆಯನ್ನೇ ನಂಬಿಕೊಂಡು ಕೂರಬೇಡ, 'ವಿಜ್ಞಾನ ಪ್ರಸಾರ್' ಅನ್ನೋ ಸಂಸ್ಥೆ 1989ರಿಂದ ಇತ್ತು, 2023ರಲ್ಲಿ ಮುಚ್ಚಿದರು. ಆದರೆ ಸಂಶೋಧನೆಯ ಒಳಗೆ ಇದ್ದರೆ ನಿನಗೆ ಸಿಗೋ ಸರಕು ಬೇರೆಯವರಿಗೆ ಸಿಗಲ್ಲ.

ನೀನು ಕೂರೋ ಡಿಪಾರ್ಟ್‌ಮೆಂಟನ್ನೇ ನೋಡು. 1961ರಿಂದ 1971ರವರೆಗೆ ಅದನ್ನು ಕಟ್ಟಿ ಬೆಳೆಸಿದವರು ಎಸ್. ಚಂದ್ರಶೇಖರ್. ನೊಬೆಲ್ ಬಂದವರಲ್ಲ, ಇನ್ನೊಬ್ಬರು, ಶಿವರಾಮಕೃಷ್ಣ ಚಂದ್ರಶೇಖರ್. ಇಬ್ಬರೂ ಸಿ.ವಿ. ರಾಮನ್ ಸಂಬಂಧಿಕರೇ, ಒಬ್ಬರು ಅಣ್ಣನ ಮಗ, ಇನ್ನೊಬ್ಬರು ಸೋದರಿಯ ಮಗ. ದ್ರವ ಹರಳಿನ (ಲಿಕ್ವಿಡ್ ಕ್ರಿಸ್ಟಲ್, ದ್ರವದ ಹಾಗೆ ಹರಿದರೂ ಅಣುಗಳು ಒಂದು ಕ್ರಮದಲ್ಲಿ ಇರೋ ವಸ್ತು) ಕೆಲಸ ಗಂಗೋತ್ರಿಯಲ್ಲಿ ಬೇರು ಬಿಟ್ಟದ್ದು ಅವರ ಕಾಲದಲ್ಲಿ. ಆಮೇಲೆ ಬೆಂಗಳೂರಿನ ರಾಮನ್ ಇನ್‌ಸ್ಟಿಟ್ಯೂಟಿಗೆ ಹೋದರು. ಅಲ್ಲಿಯವರೆಗೆ ದ್ರವ ಹರಳು ಅಂದರೆ ಕಡ್ಡಿ ಆಕಾರದ ಅಣುಗಳು ಅಂತಲೇ ಎಲ್ಲರೂ ತಿಳಿದಿದ್ದರು. 1977ರಲ್ಲಿ ಅವರ ಗುಂಪು ಬಿಲ್ಲೆ ಆಕಾರದ ಅಣುಗಳೂ ಒಂದರ ಮೇಲೊಂದು ಕೂತು ಕಂಬ ಕಟ್ಟಿಕೊಂಡು ದ್ರವ ಹರಳಾಗುತ್ತವೆ ಅಂತ ತೋರಿಸಿತು. ಪ್ರಪಂಚದ ಪಠ್ಯಪುಸ್ತಕಗಳಲ್ಲಿ ಇದೆ. ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಮಾಡೋರಲ್ಲಿ ಎಷ್ಟು ಜನಕ್ಕೆ ಗೊತ್ತು?

ಶ್ರೀರಂಗಪಟ್ಟಣದ ಅಕ್ಕ (ಸೋಮವಾರ, ರಾತ್ರಿ 10:40)

ಪಿಎಚ್‌ಡಿಗೆ ಹೋಗೋದಾದರೆ ಗೈಡನ್ನು ನೋಡಿ ಆರಿಸಿಕೋ. ನನ್ನ ಗೆಳತಿಯೊಬ್ಬಳು ಕನ್ನಡದಲ್ಲಿ ಬರೆದ ಲೇಖನ ತೋರಿಸಿದ್ದಕ್ಕೆ "ಇದಕ್ಕೆಲ್ಲ ಟೈಮ್ ಇದೆಯಾ?" ಅಂತ ಕೇಳಿಸಿಕೊಂಡಳು. ಆಮೇಲೆ ಬೇರೆ ಹೆಸರಿನಲ್ಲಿ ಬರೆಯೋಕೆ ಶುರು ಮಾಡಿದಳು. ಎಲ್ಲರೂ ಹಾಗಿರಲ್ಲ. ಆದರೆ ಮೊದಲೇ ಕೇಳಿಕೊಳ್ಳೋದು ಒಳ್ಳೆಯದು.

ಕೆಸೆಟ್, ಅಂದರೆ ಕಾಲೇಜಿನಲ್ಲಿ ಪಾಠ ಮಾಡೋಕೆ ರಾಜ್ಯದ ಅರ್ಹತಾ ಪರೀಕ್ಷೆ, ಅದನ್ನೂ ಬಿಡಬೇಡ. ಮೊದಲು ನಮ್ಮ ಮೈಸೂರು ವಿವಿಯೇ ನಡೆಸುತ್ತಿತ್ತು, ಈಗ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುತ್ತೆ. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ನಿಲ್ಲಬೇಕು ಅಂದರೂ ಅದು ಕೇಳುತ್ತಾರೆ. ಅತಿಥಿ ಅಂತ ಹೆಸರು, ವರ್ಷವರ್ಷ ಮತ್ತೆ ಅರ್ಜಿ. ಅದನ್ನೇ ನೆಚ್ಚಿಕೊಂಡು ಬರವಣಿಗೆ ಮಾಡೋಕೆ ಹೋದರೆ ಎರಡೂ ಕೈಕೊಡುತ್ತೆ.

ಪುಟ ಏಳು (ಮಂಗಳವಾರ, ಬೆಳಿಗ್ಗೆ 9:30)

ಪಾರಿಭಾಷಿಕ ಪದಗಳ ಜಗಳ ಇಲ್ಲಿಯವರೆಗೆ ಯಾರೂ ತೆಗೆದಿಲ್ಲ, ಪುಣ್ಯ. ಯಾರೂ ತೆಗೆಯಬೇಡಿ. ಅದು ಶುರುವಾದರೆ ಹುಡುಗನ ಪ್ರಶ್ನೆ ಮೂಲೆಗೆ ಹೋಗುತ್ತೆ.

ಒಂದು ಕೆಲಸದ ಮಾತು. ಲೇಖನ ಕಳಿಸೋವಾಗ ಒಂದೇ ಸಲ ಹತ್ತು ಪತ್ರಿಕೆಗೆ ಕಳಿಸಬೇಡಿ. ಎರಡು ಕಡೆ ಬಂದರೆ ಎರಡೂ ಕಡೆ ಬಾಗಿಲು ಮುಚ್ಚುತ್ತೆ. ಕಳಿಸಿದ ತಾರೀಕು ಬರೆದಿಟ್ಟುಕೊಳ್ಳಿ. ಪುಸ್ತಕ ಮಾಡೋ ಹಕ್ಕು ನಿಮ್ಮದೇ ಅಂತ ಒಂದು ಸಾಲು ಮೇಲ್‌ನಲ್ಲಿ ಬರೆಸಿಕೊಳ್ಳಿ. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಅಂಕಣಗಳಿಂದ ಆದವೇ. ಇನ್ನು, ಪಿಎಚ್‌ಡಿ ಸರಿಯೋ ಬಿ.ಎಡ್ ಸರಿಯೋ ಅಂತ ನಾನು ಹೇಳಲಾರೆ. ಆದರೆ ಕೆಲಸ ಬಿಟ್ಟು ಬರೆಯೋಕೆ ಕೂತವರ ಲೇಖನ ಆರು ತಿಂಗಳಿಗೆ ಸಪ್ಪೆ ಆಗೋದನ್ನು ಡೆಸ್ಕಿನಿಂದ ನೋಡಿದ್ದೇನೆ. ದುಡ್ಡಿನ ಚಿಂತೆಗೆ ವಿಷಯ ಆರಿಸೋಕೆ ಶುರು ಮಾಡುತ್ತಾರೆ. ಸಂಬಳ ಇದ್ದವನಿಗೆ "ಈ ವಾರ ಬರೆಯಲ್ಲ" ಅನ್ನೋ ಸ್ವಾತಂತ್ರ್ಯ ಇರುತ್ತೆ.

ಸರಸ್ವತಿಪುರಂ 5ನೇ ಮೇನ್ (ಮಂಗಳವಾರ, ಬೆಳಿಗ್ಗೆ 10:10)

ಅಂದರೆ ಒಟ್ಟಿನಲ್ಲಿ ಹವ್ಯಾಸ ಅನ್ನಿ. ಅದನ್ನ ಕೆರಿಯರ್ ಅಂತ ಯಾಕೆ ಕರೀತೀರಿ?

ಮಂಡ್ಯ ಮೇಷ್ಟ್ರು (ಮಂಗಳವಾರ, ಬೆಳಿಗ್ಗೆ 11:15)

ಜಿಟಿಎನ್ ದಶಕಗಟ್ಟಲೆ ಬರೆದರು. ಸತ್ತದ್ದು 2008ರಲ್ಲಿ, ನಿವೃತ್ತಿ ಆದ ಮೇಲೂ ಎರಡು ದಶಕ ಬರೆಯುತ್ತಲೇ ಇದ್ದರು. ಅವರ ಪುಸ್ತಕ ಹಿಡಿದು ನಕ್ಷತ್ರ ಗುರುತಿಸೋದು ಕಲಿತವರು ಈ ಊರಿನಲ್ಲಿ ಇವತ್ತಿಗೂ ಸಿಗುತ್ತಾರೆ. ಅದನ್ನು ಹವ್ಯಾಸ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ. ನೀವು ಕರೆದುಕೊಳ್ಳಿ.

ಗಂಗೋತ್ರಿ ಹಾಸ್ಟೆಲ್ (ಮಂಗಳವಾರ, ರಾತ್ರಿ 9:15)

ಎಲ್ಲವನ್ನೂ ಓದಿದೆ. ನೆಟ್‌ಗೆ ಅರ್ಜಿ ಹಾಕುತ್ತೇನೆ, ಕೆಸೆಟ್‌ಗೂ. ಬಿ.ಎಡ್ ಬೇಡ ಅಂತ ಅಪ್ಪನಿಗೆ ಈಗಲೇ ಹೇಳಲ್ಲ. ಕೆಆರ್‌ಎಸ್ ಲೇಖನವನ್ನು ಮೇಷ್ಟ್ರು ಬರೆದ ಮೇಲೆ ನಾನು ಮುಟ್ಟಲ್ಲ, ಅದು ಅವರದೇ. ಮೇಷ್ಟ್ರೇ, ದಯವಿಟ್ಟು ಟನ್‌ಗಳ ಸಮೇತ ಕಳಿಸಿ.

ನನಗೆ ನಮ್ಮ ತಾಲ್ಲೂಕಿನದೇ ಒಂದು ಹೊಳೆದಿದೆ. ಬ್ಲಫ್, ಅಂದರೆ ಶಿವನಸಮುದ್ರದ ವಿದ್ಯುತ್ ಕೇಂದ್ರ. ಶಿವನಸಮುದ್ರದ ಕರೆಂಟ್ 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 147 ಕಿಲೋಮೀಟರ್ ದೂರ. ಬೆಂಗಳೂರಿಗೆ 1905ರಲ್ಲಿ. ಬ್ಲಫ್ ಪಕ್ಕದ ಹಳ್ಳಿಗಳಿಗೆ ಎಷ್ಟೋ ಕಾಲ ಆದ ಮೇಲೆ. ನಮ್ಮಜ್ಜಿ "ನಮ್ಮ ಹೊಳೆ ನೀರಿನ ದೀಪ, ನಮ್ಮನೆಗೆ ಬುಡ್ಡಿ" ಅಂತಿದ್ದರು. ಆ ಕಾಲದಲ್ಲಿ ಅಷ್ಟು ದೂರ ಕರೆಂಟ್ ಸಾಗಿಸಿದ್ದು ಹೇಗೆ ಅನ್ನೋದೇ ಲೇಖನ. ವೋಲ್ಟೇಜನ್ನು 30,000ಕ್ಕೂ ಮೇಲೆ ಏರಿಸಿದ್ದರು. ವೋಲ್ಟೇಜ್ ಹತ್ತು ಪಟ್ಟು ಮಾಡಿದರೆ ಅಷ್ಟೇ ಶಕ್ತಿಗೆ ತಂತಿಯಲ್ಲಿ ಹರಿಯೋ ಕರೆಂಟ್ ಹತ್ತರಲ್ಲಿ ಒಂದು ಪಾಲು ಸಾಕು. ತಂತಿ ಬಿಸಿಯಾಗಿ ಹಾಳಾಗೋ ಶಕ್ತಿ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಈ ನೂರು ಎಲ್ಲಿಂದ ಬಂತು ಅಂತ ಸೂತ್ರ ಇಲ್ಲದೆ ಹೇಳೋದು ಹೇಗೆ ಅಂತ ಯೋಚಿಸುತ್ತಿದ್ದೇನೆ.

ಹಿನ್ನೀರು (ಮಂಗಳವಾರ, ರಾತ್ರಿ 9:50)

ನಮ್ಮ ಪಂಪ್‌ಸೆಟ್ಟಿಗೆ ವೋಲ್ಟೇಜ್ ಕಮ್ಮಿ ಬಂದಾಗ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಕಾಯಿಲ್ ಸುಟ್ಟುಹೋಗುತ್ತೆ. ಅಲ್ಲಿಂದ ಶುರು ಮಾಡಿ. ರೈತರು ಎಲ್ಲರೂ ಓದ್ತಾರೆ.

ಪುಟ ಏಳು (ಮಂಗಳವಾರ, ರಾತ್ರಿ 10:30)

ಅದೇ ಸರಿ. 700 ಪದ, ಜಾಸ್ತಿ ಬೇಡ. ಅಜ್ಜಿಯ ಮಾತು ಇರಲಿ. ಫೋಟೋ ನೀವೇ ತೆಗೆದದ್ದಾಗಲಿ, ಗೂಗಲ್‌ನಿಂದ ಎತ್ತಿದ್ದು ನಡೆಯಲ್ಲ. ಮುಂದಿನ ಗುರುವಾರ ಸಂಜೆಯೊಳಗೆ ಬಂದರೆ ಆ ವಾರದ ಪುಟಕ್ಕೆ ನೋಡುತ್ತೇನೆ. ಜಾಹೀರಾತು ಬರದಿದ್ದರೆ.